ಅರ್ಗಿನುಸೇ ವಿಚಾರಣೆ: ಗೆದ್ದು ಬಂದ ಸೇನಾಪತಿಗಳನ್ನು ಅಥೆನ್ಸ್ ಕೊಂದದ್ದೇಕೆ?

ಹಾಯಿಪಟ (ಚರ್ಚೆ ಆರಂಭಿಸಿದವರು):

ಪ್ರಾಚೀನ ಅಥೆನ್ಸಿನ ಜನಾಡಳಿತವನ್ನು ಹಳಿಯಬೇಕೆನ್ನುವವರು ಸಾಮಾನ್ಯವಾಗಿ ಎರಡು ಮರಣದಂಡನೆಗಳನ್ನು ಮುಂದಿಡುತ್ತಾರೆ. ಒಂದು ಕ್ರಿ.ಪೂ. 399ರಲ್ಲಿ ಸಾಕ್ರಟೀಸನಿಗೆ ವಿಧಿಸಿದ್ದು. ಇನ್ನೊಂದು ಅದಕ್ಕೆ ಏಳು ವರ್ಷ ಮೊದಲು, ಕ್ರಿ.ಪೂ. 406ರಲ್ಲಿ, ಅರ್ಗಿನುಸೇ ದ್ವೀಪಗಳ ಬಳಿ ನಡೆದ ದೊಡ್ಡ ನೌಕಾಯುದ್ಧವನ್ನು ಗೆದ್ದುಕೊಟ್ಟ ಸೇನಾಪತಿಗಳಿಗೆ ವಿಧಿಸಿದ್ದು. ಮೊದಲನೆಯದನ್ನು ಶಾಲಾ ಮಕ್ಕಳೂ ಬಲ್ಲರು. ಎರಡನೆಯದು ಹೆಚ್ಚು ಸಂಕೀರ್ಣವಾದದ್ದು, ನನ್ನ ಎಣಿಕೆಯಲ್ಲಿ ಹೆಚ್ಚು ಮುಖ್ಯವಾದದ್ದು ಕೂಡ. ಏಕೆಂದರೆ ಅದರಲ್ಲಿ ಅಥೆನ್ಸಿನ ಆಡಳಿತ, ಯುದ್ಧವಿದ್ಯೆ, ಸತ್ತವರ ಕುರಿತ ನಂಬಿಕೆ ಮತ್ತು ಪುರಾಣ ಒಂದಕ್ಕೊಂದು ಹೆಣೆದುಕೊಂಡಿವೆ.

ಹಿನ್ನೆಲೆ ಹೀಗಿದೆ. ಸ್ಪಾರ್ಟಾದೊಂದಿಗೆ ಕ್ರಿ.ಪೂ. 431ರಲ್ಲಿ ಆರಂಭವಾದ ಪೆಲೊಪೊನೀಷಿಯನ್ ಯುದ್ಧ ಆಗ ಇಪ್ಪತ್ತಾರನೆಯ ವರ್ಷದಲ್ಲಿತ್ತು. ಸಿಸಿಲಿಯ ದಂಡಯಾತ್ರೆಯಲ್ಲಿ ಅಥೆನ್ಸ್ ತನ್ನ ನೌಕಾಬಲದ ಬಹುಭಾಗವನ್ನು ಕಳೆದುಕೊಂಡು ಏಳು ವರ್ಷಗಳಾಗಿದ್ದವು. ಪರ್ಷಿಯಾದ ಹಣ ಸ್ಪಾರ್ಟಾದ ಹಡಗುಗಳಿಗೆ ಹರಿಯತೊಡಗಿತ್ತು. ಆ ವರ್ಷ ಸ್ಪಾರ್ಟಾದ ನೌಕಾಧಿಪತಿ ಕಲ್ಲಿಕ್ರಾಟಿಡಾಸನು ಅಥೆನ್ಸಿನ ಸೇನಾಪತಿ ಕೊನಾನನನ್ನು ಬೆನ್ನಟ್ಟಿ, ಅವನ 30 ಹಡಗುಗಳನ್ನು ಕಿತ್ತುಕೊಂಡು, ಉಳಿದ 40ನ್ನು ಲೆಸ್ಬಾಸ್ ದ್ವೀಪದ ಮಿಟಿಲೀನ್ ಬಂದರಿನಲ್ಲಿ ಕೂಡಿಹಾಕಿದನು. ಸುದ್ದಿ ತಲುಪಿದ ಮೇಲೆ ಅಥೆನ್ಸ್ 30 ದಿನಗಳಲ್ಲಿ 110 ಹಡಗುಗಳನ್ನು ಸಜ್ಜುಗೊಳಿಸಿತು. ಹುಟ್ಟು ಹಾಕಲು ಸಾಕಷ್ಟು ಜನರಿರಲಿಲ್ಲವಾದ್ದರಿಂದ ವಯಸ್ಸಿಗೆ ಬಂದ ಗುಲಾಮರನ್ನೂ ಹತ್ತಿಸಿಕೊಂಡರು. ಕುದುರೆ ಸಾಕುವ ಅಂತಸ್ತಿನ ಶ್ರೀಮಂತರೂ ಹಡಗು ಹತ್ತಿದರು. ಸೇಮಾಸ್ ಮತ್ತಿತರ ಮಿತ್ರರ ಹಡಗುಗಳೂ ಸೇರಿ ಸಂಖ್ಯೆ 150ನ್ನು ಮೀರಿತು. ಕಲ್ಲಿಕ್ರಾಟಿಡಾಸನು 50 ಹಡಗುಗಳನ್ನು ಮಿಟಿಲೀನ್ ಕಾವಲಿಗೆ ಬಿಟ್ಟು, 120ರೊಂದಿಗೆ ಎದುರಾದನು. ಲೆಸ್ಬಾಸಿಗೂ ಇಂದಿನ ಟರ್ಕಿಯ ಕರಾವಳಿಗೂ ನಡುವಿನ ಆ ಪುಟ್ಟ ದ್ವೀಪಗಳ ಬಳಿ ಸ್ಪಾರ್ಟಾದ ಪಕ್ಷವು 70ರಷ್ಟು ಹಡಗುಗಳನ್ನು ಕಳೆದುಕೊಂಡಿತು. ಕಲ್ಲಿಕ್ರಾಟಿಡಾಸನು ಕಡಲಿಗೆ ಬಿದ್ದು ಕಾಣೆಯಾದನು. ಅಥೆನ್ಸ್ ಕಳೆದುಕೊಂಡದ್ದು 25.

ಆ 25 ಹಡಗುಗಳಲ್ಲಿದ್ದವರನ್ನು ಎತ್ತಿಕೊಳ್ಳಲು ಆಗಲಿಲ್ಲ. ಪ್ರತಿ ಹಡಗಿನಲ್ಲಿ ಸುಮಾರು 200 ಜನ. ದಡಕ್ಕೆ ಈಜಿ ಸೇರಿದವರು ಕೆಲವರು ಮಾತ್ರ. ಯುದ್ಧ ನಿಂತ ಮೇಲೆ 47 ಹಡಗುಗಳನ್ನು ರಕ್ಷಣೆಗೆ ಕಳುಹಿಸುವುದೆಂದೂ, ಉಳಿದವು ಮಿಟಿಲೀನಿನತ್ತ ಸಾಗುವುದೆಂದೂ ಎಂಟು ಸೇನಾಪತಿಗಳು ತೀರ್ಮಾನಿಸಿದರು. ಅಷ್ಟರಲ್ಲಿ ಬಿರುಗಾಳಿ ಎದ್ದು ಎರಡೂ ಕೆಲಸಗಳು ನಿಂತವು. ಈ ಕಾರಣಕ್ಕಾಗಿಯೇ ಎಂಟು ಮಂದಿಗೂ ಮರಣದಂಡನೆಯಾಯಿತು. ಇಬ್ಬರು ಮೊದಲೇ ಅಪಾಯವನ್ನರಿತು ಊರಿಗೆ ಮರಳಿರಲಿಲ್ಲ. ಮರಳಿದ ಆರು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಹಾನಾಯಕ ಪೆರಿಕ್ಲಿಸ್‌ಗೆ ಅಸ್ಪೇಸಿಯಾಳಲ್ಲಿ ಹುಟ್ಟಿದ, ಅದೇ ಹೆಸರಿನ ಮಗನೂ ಇದ್ದನು.

ಇದನ್ನು "ಗುಂಪಿನ ಹುಚ್ಚು" ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನನ್ನ ವಾದ ಬೇರೆ. ಜನರ ಸಿಟ್ಟಿಗೆ ಕಾರಣವಿತ್ತು, ಅದನ್ನು ವಿಚಾರಿಸುವ ಹಕ್ಕೂ ಅವರಿಗಿತ್ತು. ತಪ್ಪಿದ್ದು ಅವರು ತಾವೇ ಕಟ್ಟಿಕೊಂಡಿದ್ದ ಕಟ್ಟುಪಾಡನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಬದಿಗೆ ಸರಿಸಿದ್ದರಲ್ಲಿ. ಬಲ್ಲವರು ಒಪ್ಪಿಯೋ ವಿರೋಧಿಸಿಯೋ ಬರೆಯಬೇಕೆಂದು ಕೋರುತ್ತೇನೆ.

ಕಡಲ ಓದುಗ:

ಒಳ್ಳೆಯ ವಿಷಯವನ್ನು ಎತ್ತಿದ್ದೀರಿ. ಆದರೆ ಸೇನಾಪತಿಗಳನ್ನು ವಿಚಾರಿಸಿದ ಪೌರರ ಸಭೆಯ ಕಲಾಪಕ್ಕೆ ಹೋಗುವ ಮೊದಲು ಕಡಲಿನಲ್ಲಿ ಏನಾಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಕ್ಷಣೆ ಸಾಧ್ಯವಿತ್ತೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ.

ಮೂರು ಸಾಲು ಹುಟ್ಟುಗಳ ಆ ಯುದ್ಧನೌಕೆ, ಅಂದರೆ ಟ್ರೈರೀಮ್, ಕಡಲಯಾನಕ್ಕಿಂತ ಡಿಕ್ಕಿ ಹೊಡೆಯುವುದಕ್ಕೆಂದೇ ಕಟ್ಟಿದ್ದು. ಸುಮಾರು 37 ಮೀಟರ್ ಉದ್ದ, ಮೂತಿಯಲ್ಲಿ ಕಂಚಿನ ಕೊಂಬು, 170 ಹುಟ್ಟುಗಾರರು: ಮೇಲಿನ ಸಾಲಿನಲ್ಲಿ 62, ನಡುವಿನಲ್ಲಿ 54, ಕೆಳಗೆ 54. ಕೆಳಸಾಲಿನ ಹುಟ್ಟಿನ ಕಿಂಡಿಗಳು ನೀರಿನ ಮಟ್ಟಕ್ಕೆ ತೀರ ಸಮೀಪವಿದ್ದುದರಿಂದ ಅವುಗಳಿಗೆ ಚರ್ಮದ ತೋಳು ಕಟ್ಟಿ ನೀರು ತಡೆಯುತ್ತಿದ್ದರು. ಅಲೆಗಳು ಎದ್ದರೆ ಇಂತಹ ಹಡಗು ದಡ ಹುಡುಕುವುದೊಂದೇ ದಾರಿ. ಗ್ರೀಸ್ 1987ರಲ್ಲಿ ಒಲಿಂಪಿಯಾಸ್ ಎಂಬ ಪ್ರತಿರೂಪವನ್ನು ನೀರಿಗಿಳಿಸಿ ಪರೀಕ್ಷಿಸಿದಾಗಲೂ ವೇಗದಲ್ಲಿ ಅದು ಮೆಚ್ಚುಗೆ ಗಳಿಸಿತು, ಆದರೆ ಒರಟು ಕಡಲು ಅದಕ್ಕೆ ಒಗ್ಗುವಂಥದ್ದಲ್ಲವೆಂಬುದೂ ಸ್ಪಷ್ಟವಾಯಿತು.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಟ್ರೈರೀಮ್ ಒಡೆದರೆ ಕಲ್ಲಿನಂತೆ ತಳಕ್ಕಿಳಿಯುವುದಿಲ್ಲ. ಭಾರದ ತುಂಬುಸರಕು ಇಲ್ಲದ ಮರದ ಒಡಲು ನೀರು ತುಂಬಿಕೊಂಡು ಮೇಲ್ಮಟ್ಟದಲ್ಲೇ ತೇಲುತ್ತದೆ, ಜನ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಬದುಕಿರಬಲ್ಲರು. ಆ ಕಾಲದ ಇತಿಹಾಸಕಾರ ಝೆನೊಫನ್ ದಾಖಲಿಸಿದ ಭಾಷಣವೊಂದರ ಪ್ರಕಾರ ಯುದ್ಧ ಮುಗಿದಾಗ ಹೀಗೆ ತೇಲುತ್ತಿದ್ದ ಒಡಲುಗಳು 12, ಪ್ರತಿಯೊಂದಕ್ಕೂ ಸರಾಸರಿ ನಾಲ್ಕು ಹಡಗುಗಳಂತೆ 47ನ್ನು ಗೊತ್ತುಮಾಡಲಾಗಿತ್ತು. ಎಂದರೆ ಲೆಕ್ಕ ಹಾಕಿಯೇ ಏರ್ಪಾಡು ಮಾಡಿದ್ದರು. ಆದರೆ ಆ ಏರ್ಪಾಡಿಗೆ ಮುಂಚೆ ಸೇನಾಪತಿಗಳು ದಡದಲ್ಲಿ ಸಭೆ ಸೇರಿ ಚರ್ಚಿಸಿದರು. ಎಲ್ಲ ಹಡಗುಗಳೂ ರಕ್ಷಣೆಗೇ ಹೋಗಲಿ ಎಂದವನು ಡಯೊಮಿಡಾನ್. ಎಲ್ಲವೂ ಮಿಟಿಲೀನಿಗೆ ಸಾಗಲಿ ಎಂದವನು ಎರಾಸಿನಿಡಿಸ್. ಎರಡನ್ನೂ ಮಾಡೋಣ ಎಂದವನು ಥ್ರಾಸಿಲಸ್, ಅವನ ಮಾತೇ ನಿಂತಿತು. ಈ ಚರ್ಚೆಗೆ ಹಿಡಿದ ಹೊತ್ತೇ ಪ್ರಾಣಾಂತಿಕವಾಯಿತೆಂದು ನನಗನ್ನಿಸುತ್ತದೆ. ಒಬ್ಬನೇ ದಂಡನಾಯಕನಿದ್ದಿದ್ದರೆ ಬಿರುಗಾಳಿಗೆ ಮೊದಲೇ ನಿರ್ಧಾರವಾಗುತ್ತಿತ್ತೇನೋ. ಎಂಟು ಸಮಾನ ಅಧಿಕಾರಿಗಳನ್ನು ಒಂದೇ ಪಡೆಯ ತಲೆಯ ಮೇಲೆ ಕೂರಿಸುವುದು ಅಥೆನ್ಸಿನ ಸಾಂವಿಧಾನಿಕ ಹವ್ಯಾಸ. ಅದರ ಬೆಲೆಯನ್ನು ತೆತ್ತವರು ನೀರಿನಲ್ಲಿದ್ದವರು.

ಯುದ್ಧತಂತ್ರದ ಬಗ್ಗೆಯೂ ಒಂದು ಮಾತು. ಶತ್ರುಸಾಲಿನ ನಡುವೆ ನುಗ್ಗಿ ತಿರುಗಿ ಹಿಂದಿನಿಂದ ಡಿಕ್ಕಿ ಹೊಡೆಯುವ ಡೀಕ್‌ಪ್ಲೂಸ್ ಎಂಬ ವರಸೆ ಅಥೆನ್ಸಿನ ಹುಟ್ಟುಗಾರರ ಹೆಮ್ಮೆಯಾಗಿತ್ತು. ಅರ್ಗಿನುಸೇಯಲ್ಲಿ ಮಾತ್ರ ಅದು ತಿರುಗುಮುರುಗಾಯಿತು: ಹೊಸಬರೇ ತುಂಬಿದ್ದ ಅಥೆನ್ಸಿನ ಹಡಗುಗಳು ಆ ವರಸೆಗೆ ತಾವೇ ಬಲಿಯಾಗದಿರಲೆಂದು ಎರಡೂ ಪಕ್ಕಗಳಲ್ಲಿ ಎರಡು ಸಾಲಾಗಿ ನಿಂತವು, ಸ್ಪಾರ್ಟಾದವರು ಅದನ್ನು ಪ್ರಯೋಗಿಸಲೆಂದು ಒಂದೇ ಸಾಲಾಗಿ ನಿಂತರು. ಅನನುಭವಿಗಳನ್ನು ಇಟ್ಟುಕೊಂಡು ಇಂತಹ ವ್ಯೂಹದಿಂದ ಗೆದ್ದ ಸೇನಾಪತಿಗಳು ಅಸಮರ್ಥರಾಗಿರಲಿಲ್ಲ.

ಕಾನೂನು ಕಟ್ಟೆ:

ಹಾಯಿಪಟ ಅವರೇ, "ಕಟ್ಟುಪಾಡನ್ನು ಬದಿಗೆ ಸರಿಸಿದರು" ಎಂದು ಬರೆದಿದ್ದೀರಿ. ಯಾವ ಕಟ್ಟುಪಾಡು? ಸಾರ್ವಭೌಮವಾದ ಸಭೆಯೊಂದು ತಾನು ಮಾಡಿದ್ದನ್ನು ತಾನೇ ಮೀರಿದರೆ ಅದನ್ನು ಕಾನೂನುಭಂಗ ಎನ್ನಲು ಬರುತ್ತದೆಯೇ? ಮತ್ತು ಸಾಕ್ರಟೀಸನು ಮತಕ್ಕೆ ಹಾಕಲು ಒಪ್ಪಲಿಲ್ಲ ಎಂದು ಓದಿದ್ದೇನೆ. ಅಧ್ಯಕ್ಷನೇ ಒಪ್ಪದಿದ್ದರೆ ಮತದಾನ ನಡೆದದ್ದು ಹೇಗೆ? ದಯವಿಟ್ಟು ವಿವರಿಸಿ.

ಹಾಯಿಪಟ:

ಕಾನೂನು ಕಟ್ಟೆ ಅವರೇ, ನಿಮ್ಮ ಮೊದಲ ಪ್ರಶ್ನೆಯನ್ನೇ ಅಂದು ಸಭೆಯಲ್ಲಿ ಜನ ಕೂಗಿ ಕೇಳಿದರು. ಅಲ್ಲಿಗೆ ಬರುತ್ತೇನೆ.

ಅಥೆನ್ಸಿನ ಹೆಚ್ಚಿನ ಅಧಿಕಾರಸ್ಥಾನಗಳಿಗೆ ಚೀಟಿ ಎತ್ತಿ ಆಯ್ಕೆ ಮಾಡುತ್ತಿದ್ದರು. ಸೇನಾಪತಿಗಳನ್ನು ಮಾತ್ರ, ಅನುಭವ ಬೇಕಾದ ಕೆಲಸವಾದ್ದರಿಂದ, ವರ್ಷಕ್ಕೆ ಹತ್ತು ಮಂದಿಯಂತೆ ಕೈಯೆತ್ತಿ ಚುನಾಯಿಸುತ್ತಿದ್ದರು. ಎಷ್ಟು ಸಲ ಬೇಕಾದರೂ ಮರುಚುನಾಯಿಸಬಹುದಿತ್ತು. ಇದಕ್ಕೆ ಪ್ರತಿಯಾಗಿ ಅವರ ಮೇಲಿನ ವಿಚಾರಣೆಯೂ ಕಠಿಣವಾಗಿತ್ತು. ಕ್ರಿ.ಪೂ. 430ರಲ್ಲಿ ಪೆರಿಕ್ಲಿಸ್‌ಗೇ ದಂಡ ಹಾಕಿದ್ದರು, 424ರಲ್ಲಿ ಆಂಫಿಪೊಲಿಸ್ ಕೈತಪ್ಪಿದ್ದಕ್ಕೆ ಇತಿಹಾಸಕಾರ ಥುಸಿಡಿಡಿಸ್ ಇಪ್ಪತ್ತು ವರ್ಷ ದೇಶಾಂತರ ಹೋಗಬೇಕಾಯಿತು. ಸಿಸಿಲಿಯ ಸಿರಾಕ್ಯೂಸಿನಲ್ಲಿ ಪಡೆ ಕರಗುತ್ತಿದ್ದಾಗಲೂ ಸೇನಾಪತಿ ನಿಕಿಯಾಸನು ಹಿಂದೆಗೆಯಲು ಒಪ್ಪದಿದ್ದುದಕ್ಕೆ ಒಂದು ಕಾರಣ, ಊರಿನಲ್ಲಿ ಅವಮಾನಕರ ಆರೋಪಕ್ಕೆ ಸಿಕ್ಕಿ ಸಾಯುವುದಕ್ಕಿಂತ ಶತ್ರುವಿನ ಕೈಯಲ್ಲಿ ಸಾಯುವುದು ಮೇಲೆಂಬ ಅವನ ಭಯ. ಆದ್ದರಿಂದ ಸೇನಾಪತಿಗಳ ಮೇಲೆ ಮೊಕದ್ದಮೆ ಹೂಡಿದ್ದರಲ್ಲಿ ಹೊಸದೇನೂ ಇರಲಿಲ್ಲ.

ಮೊದಲ ಸಭೆ ಬಹುಮಟ್ಟಿಗೆ ನ್ಯಾಯವಾಗಿಯೇ ಸಾಗಿತು. ಥೆರಾಮೆನಿಸ್ ಮುಂತಾದವರು ಆರೋಪ ಮಾಡಿದರು. ರಕ್ಷಣೆಗೆ ನೇಮಕವಾಗಿದ್ದ ಹಡಗುಗಳ ನಾಯಕರಲ್ಲಿ ಥೆರಾಮೆನಿಸನೇ ಒಬ್ಬನೆಂಬುದು ಗಮನಿಸಬೇಕಾದ ಸಂಗತಿ. ಸೇನಾಪತಿಗಳು, ತಮಗೆ ಕಾನೂನಿನಂತೆ ಸಲ್ಲಬೇಕಾದ ಸಮಯ ಸಿಗದಿದ್ದರೂ, ಬಿರುಗಾಳಿಯ ಬಗ್ಗೆ ಹೇಳಿ ಚುಕ್ಕಾಣಿಗಾರರನ್ನು ಸಾಕ್ಷಿಗೆ ಕರೆದರು. ಜನ ಮೆತ್ತಗಾಗುತ್ತಿದ್ದರು, ಹಲವರು ಜಾಮೀನಿಗೆ ಮುಂದೆ ಬಂದರು. ಆದರೆ ಹೊತ್ತು ಮುಳುಗಿ, ಎತ್ತಿದ ಕೈಗಳನ್ನು ಎಣಿಸಲಾಗದೆ, ಸಭೆಯನ್ನು ಮುಂದೂಡಿದರು. ಈ ಮುಂದೂಡಿಕೆಯ ನಡುವೆ ಅಪಟೂರಿಯಾ ಹಬ್ಬ ಬಂತು. ಬಂಧುಬಳಗವೆಲ್ಲ ಒಟ್ಟು ಸೇರುವ, ಹುಟ್ಟಿದ ಮಕ್ಕಳನ್ನು ಕುಲದ ಲೆಕ್ಕಕ್ಕೆ ಬರೆಸುವ ಮೂರು ದಿನಗಳ ಹಬ್ಬ ಅದು. ಆ ವರ್ಷ ಎಷ್ಟೋ ಮನೆಗಳ ಸಾಲಿನಲ್ಲಿ ಗಂಡಸರ ಜಾಗ ಖಾಲಿಯಿತ್ತು. ಎರಡನೆಯ ಸಭೆಗೆ ಜನ ಕಪ್ಪು ಬಟ್ಟೆ ಉಟ್ಟು, ತಲೆ ಬೋಳಿಸಿಕೊಂಡು ಬಂದರು.

ಸಭೆಯ ಮುಂದಿಡುವ ವಿಷಯಗಳನ್ನು ಸಿದ್ಧಪಡಿಸುವ ಐನೂರರ ಮಂಡಳಿಯಿಂದ ಕಲ್ಲಿಕ್ಸೆನಸ್ ಎಂಬವನು ತಂದ ಪ್ರಸ್ತಾಪ ಇದು: ಎರಡೂ ಕಡೆಯ ಮಾತುಗಳನ್ನು ಹಿಂದಿನ ಸಭೆಯಲ್ಲೇ ಕೇಳಿಯಾಗಿದೆ, ಇನ್ನು ವಾದಗಳಿಲ್ಲ, ಹತ್ತು ಬುಡಕಟ್ಟುಗಳಲ್ಲಿ ಪ್ರತಿಯೊಂದಕ್ಕೂ ಎರಡು ಮಡಕೆಗಳನ್ನಿಟ್ಟು, ಅಪರಾಧಿಗಳೆನ್ನುವವರು ಒಂದರಲ್ಲಿ, ಅಲ್ಲವೆನ್ನುವವರು ಇನ್ನೊಂದರಲ್ಲಿ ಮತ ಹಾಕಲಿ, ಅಪರಾಧ ಸಿದ್ಧವಾದರೆ ಎಲ್ಲರಿಗೂ ಮರಣ, ಆಸ್ತಿ ಮುಟ್ಟುಗೋಲು, ಅದರಲ್ಲಿ ಹತ್ತನೆಯ ಒಂದು ಪಾಲು ಅಥೀನಾ ದೇವಿಗೆ. ಎಂಟು ಜನರ ತಲೆಗಳಿಗೆ ಒಂದೇ ಮತ. ಯಾವ ಮಡಕೆಗೆ ಯಾರ ಕೈ ಹೋಯಿತೆಂಬುದು ಪಕ್ಕದವರಿಗೆ ಕಾಣದಿರುವುದೂ ಕಷ್ಟ. ಇದೇ ಸಭೆಯಲ್ಲಿ ಒಬ್ಬನು ಎದ್ದು, ತಾನು ಹಿಟ್ಟಿನ ತೊಟ್ಟಿಯೊಂದನ್ನು ಹಿಡಿದು ಬದುಕಿ ಬಂದೆನೆಂದೂ, ನಾಡಿಗಾಗಿ ಹೋರಾಡಿದವರನ್ನು ಸೇನಾಪತಿಗಳು ಎತ್ತಿಕೊಳ್ಳಲಿಲ್ಲವೆಂದು ಜನರಿಗೆ ತಿಳಿಸೆಂದು ಮುಳುಗುತ್ತಿದ್ದವರು ತನ್ನನ್ನು ಬೇಡಿಕೊಂಡರೆಂದೂ ಹೇಳಿದನು.

ಈಗ ನಿಮ್ಮ ಪ್ರಶ್ನೆ. ಕಾನೂನಿಗೆ ವಿರುದ್ಧವಾದ ನಿರ್ಣಯ ತಂದವನ ಮೇಲೆಯೇ ಮೊಕದ್ದಮೆ ಹೂಡುವ "ಗ್ರಾಫೇ ಪರನೊಮೋನ್" ಎಂಬ ಏರ್ಪಾಡು ಅಥೆನ್ಸಿನಲ್ಲಿತ್ತು. ಅದನ್ನು ಹೂಡಿದ ಕೂಡಲೆ ನಿರ್ಣಯ ತಡೆಹಿಡಿಯಲ್ಪಡಬೇಕು. ಯೂರಿಪ್ಟೊಲೆಮಸ್ ಮತ್ತು ಕೆಲವರು ಅದನ್ನೇ ಮಾಡಿದರು. ಆಗ ಎದ್ದ ಕೂಗು, "ಜನ ತಮಗಿಷ್ಟ ಬಂದದ್ದನ್ನು ಮಾಡಲು ಬಿಡದಿದ್ದರೆ ಘೋರ!" ಎಂದು. ತಡೆ ಒಡ್ಡಿದವರನ್ನೂ ಅದೇ ಮತದಲ್ಲಿ ಸೇನಾಪತಿಗಳ ಜೊತೆ ಸೇರಿಸಿಬಿಡಬೇಕೆಂದು ಲಿಸಿಸ್ಕಸ್ ಎಂಬವನು ಸೂಚಿಸಿದ ಮೇಲೆ ಅವರು ಮೊಕದ್ದಮೆ ಹಿಂತೆಗೆದುಕೊಂಡರು. ಸಭೆಯನ್ನು ನಡೆಸುವ ಹೊಣೆ ಐನೂರರ ಮಂಡಳಿಯಲ್ಲಿ ಒಂದು ಬುಡಕಟ್ಟಿನ 50 ಸದಸ್ಯರದು, ವರ್ಷದ ಹತ್ತನೆಯ ಒಂದು ಭಾಗದ ಅವಧಿಗೆ. ಅಂದು ಸರದಿ ಸಾಕ್ರಟೀಸನ ಬುಡಕಟ್ಟಾದ ಆಂಟಿಯೊಕಿಸ್‌ನದು. ಕೆಲವರು ಮತಕ್ಕೆ ಹಾಕಲು ಹಿಂಜರಿದರು, ಬೆದರಿಕೆ ಬಂದೊಡನೆ ಒಪ್ಪಿದರು, ಸಾಕ್ರಟೀಸನೊಬ್ಬನೇ ಒಪ್ಪಲಿಲ್ಲ. ಅವನ ಅಸಮ್ಮತಿಗೆ ನೈತಿಕ ತೂಕವಿತ್ತು, ಆದರೆ ಐವತ್ತು ಮಂದಿಯಲ್ಲಿ ಒಬ್ಬನ ಅಸಮ್ಮತಿಯಾಗಿ ಅದು ಸಭೆಯನ್ನು ನಿಲ್ಲಿಸಲಿಲ್ಲ. ಆ ದಿನದ ಅಧ್ಯಕ್ಷ ಅವನೇ ಆಗಿದ್ದನೆಂದು ಝೆನೊಫನ್ ಬೇರೊಂದು ಕಡೆ ಬರೆಯುತ್ತಾನೆ, ಯುದ್ಧದ ಇತಿಹಾಸದಲ್ಲಿ ಹಾಗೆ ಹೇಳುವುದಿಲ್ಲ.

ನಂತರವೂ ಯೂರಿಪ್ಟೊಲೆಮಸ್ ಮಾತಾಡಿದನು. ಅವನು ಕ್ಷಮೆ ಕೇಳಲಿಲ್ಲ. ಪ್ರತಿಯೊಬ್ಬನನ್ನೂ ಬೇರೆಬೇರೆಯಾಗಿ, ಬೇಕಾದರೆ ಕ್ಯಾನೊನಸನ ನಿರ್ಣಯದಡಿ ವಿಚಾರಿಸಿ ಎಂದನು. ಆ ನಿರ್ಣಯ ಎಷ್ಟು ಕಠೋರವೆಂದರೆ ಆರೋಪಿ ಕಟ್ಟಿಹಾಕಿಸಿಕೊಂಡೇ ಜನರೆದುರು ಉತ್ತರಿಸಬೇಕು, ಅಪರಾಧಿಯಾದರೆ ಅವನನ್ನು ಕಮರಿಗೆ ಎಸೆಯಬೇಕು. ತನ್ನ ಬಂಧುವಾದ ಕಿರಿಯ ಪೆರಿಕ್ಲಿಸನನ್ನೇ ಮೊದಲು ವಿಚಾರಿಸಿ ಎಂದೂ ಹೇಳಿದನು. ಅವನ ಭಾಷಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಮಾತು ಇನ್ನೊಂದಿದೆ: ಈ ಎಂಟು ಮಂದಿಯಲ್ಲಿ ಒಬ್ಬನು ತಾನೇ ಒಡೆದ ಹಡಗಿನಲ್ಲಿದ್ದು ಅದೃಷ್ಟದಿಂದ ಬದುಕಿದವನು; ತನ್ನನ್ನೇ ಯಾರಾದರೂ ಎತ್ತಿಕೊಳ್ಳಬೇಕಿದ್ದ ಸ್ಥಿತಿಯಲ್ಲಿದ್ದ ಅವನನ್ನೂ, ಬೇರೆಯವರನ್ನು ಎತ್ತಿಕೊಳ್ಳಲಿಲ್ಲವೆಂಬ ಆರೋಪಕ್ಕೆ ಅದೇ ಮತದಲ್ಲಿ ಸೇರಿಸಿದ್ದೀರಿ. ಒಟ್ಟು ಮತದ ದೋಷವನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು. ಕೈಯೆತ್ತಿದಾಗ ಮೊದಲು ಯೂರಿಪ್ಟೊಲೆಮಸನ ಪ್ರಸ್ತಾಪವೇ ಗೆದ್ದಿತು. ಮೆನೆಕ್ಲಿಸ್ ಎಂಬವನು ಪ್ರಮಾಣ ಮಾಡಿ ಆಕ್ಷೇಪವೆತ್ತಿದ ಮೇಲೆ ಮತ್ತೆ ಎಣಿಕೆ ನಡೆದು ಮಂಡಳಿಯ ಪ್ರಸ್ತಾಪ ಗೆದ್ದಿತು.

ಶಾಲ್ಮಲೆ:

ಇಲ್ಲಿಯವರೆಗಿನ ಚರ್ಚೆಯಲ್ಲಿ ಸತ್ತವರು ಬರಿಯ ಸಂಖ್ಯೆಯಾಗಿದ್ದಾರೆ. ಗ್ರೀಕರಿಗೆ ಅವರು ಹಾಗಿರಲಿಲ್ಲ.

ಹೋಮರನ ಕಾವ್ಯದಲ್ಲಿ ಪೆಟ್ರೊಕ್ಲಸನ ಪ್ರೇತ ಅಕಿಲಿಸನ ಕನಸಿಗೆ ಬಂದು ಬೇಡುವುದು ಬೇರೇನನ್ನೂ ಅಲ್ಲ, ಬೇಗ ಸಂಸ್ಕಾರ ಮಾಡೆಂದು. ಅಲ್ಲಿಯವರೆಗೆ ಇತರ ಆತ್ಮಗಳು ತನ್ನನ್ನು ನದಿ ದಾಟಲು ಬಿಡುತ್ತಿಲ್ಲವೆಂದು. ಒಡಿಸ್ಸಿಯಸ್ ಪಾತಾಳದ ಬಾಗಿಲಲ್ಲಿ ಮೊದಲು ಕಾಣುವುದೂ, ಹೂಳದೆ ಬಿಟ್ಟು ಬಂದ ತನ್ನ ಜೊತೆಗಾರ ಎಲ್ಪೆನೊರ್‌ನ ಪ್ರೇತವನ್ನು. ಸೊಫೊಕ್ಲಿಸನ ಅಂತಿಗೊನೆಯನ್ನು ಲಂಕೇಶರ ಕನ್ನಡದಲ್ಲಿ ಓದಿದವರಿಗೆ ಈ ಕಟ್ಟಳೆಯ ತೀವ್ರತೆಯನ್ನು ವಿವರಿಸಬೇಕಾಗಿಲ್ಲ: ಅಣ್ಣನ ಹೆಣಕ್ಕೆ ಹಿಡಿಮಣ್ಣು ಹಾಕುವುದು ದೊರೆಯ ಆಜ್ಞೆಗಿಂತ ದೊಡ್ಡದೆಂದು ನಂಬಿ ಪ್ರಾಣ ಕೊಡುವ ಹೆಣ್ಣು ಅವಳು. ಉತ್ತರಕ್ರಿಯೆಯಾಗದ ಜೀವ ಅಲೆಯುತ್ತದೆಂಬ ನಂಬಿಕೆ ನಮಗೂ ಹೊಸದಲ್ಲ.

ಅಥೆನ್ಸ್ ಇದನ್ನು ಮನೆತನದ ವಿಷಯವಾಗಿ ಮಾತ್ರ ಬಿಟ್ಟಿರಲಿಲ್ಲ, ರಾಜ್ಯದ ಕಾರ್ಯವಾಗಿಸಿತ್ತು. ಯುದ್ಧದಲ್ಲಿ ಮಡಿದವರ ಮೂಳೆಗಳನ್ನು ಬುಡಕಟ್ಟಿಗೊಂದರಂತೆ ಸೈಪ್ರೆಸ್ ಮರದ ಪೆಟ್ಟಿಗೆಗಳಲ್ಲಿ ತಂದು, ಊರಿನ ಹೊರಗೆ ಕೆರಮೈಕೊಸ್ ಪ್ರದೇಶದಲ್ಲಿ ಸಾರ್ವಜನಿಕವಾಗಿ ಹೂಳುತ್ತಿದ್ದರು. ಜೊತೆಗೆ ಹಾಸಿಗೆ ಹಾಸಿದ ಒಂದು ಖಾಲಿ ಚಟ್ಟವನ್ನೂ ಹೊರುತ್ತಿದ್ದರು, ಶರೀರ ಸಿಗದವರಿಗಾಗಿ. ಅಥೆನ್ಸ್ ತನ್ನ ಪುರಾಣದಲ್ಲೂ ಇದೇ ಹೆಮ್ಮೆಯನ್ನು ಹೇಳಿಕೊಳ್ಳುತ್ತಿತ್ತು. ಥೀಬ್ಸ್ ಮೇಲೆ ದಂಡೆತ್ತಿ ಹೋಗಿ ಸತ್ತ ಏಳು ವೀರರ ಹೆಣಗಳನ್ನು ಥೀಬ್ಸಿನವರು ಕೊಡಲೊಪ್ಪದಿದ್ದಾಗ, ಅವರ ತಾಯಂದಿರ ಮೊರೆ ಕೇಳಿ ಥೀಸಿಯಸ್ ಪಡೆ ಒಯ್ದು ಹೆಣಗಳನ್ನು ತಂದನೆಂಬುದು ಆ ಕತೆ. ಯೂರಿಪಿಡಿಸ್ ಅದನ್ನೇ ನಾಟಕ ಮಾಡಿದನು. ಅದಕ್ಕೂ ಒಂದು ಗಾಯ ಕಾರಣವಿದ್ದಿರಬೇಕು: ಕ್ರಿ.ಪೂ. 424ರಲ್ಲಿ ಡೀಲಿಯಂ ಯುದ್ಧದ ನಂತರ, ಥೀಬ್ಸ್ ಇರುವ ಬಿಯೋಷಿಯಾ ನಾಡಿನವರು ಅಥೆನ್ಸಿನ ಸತ್ತವರನ್ನು ಹದಿನೇಳನೆಯ ದಿನದವರೆಗೆ ಕೊಟ್ಟಿರಲಿಲ್ಲ.

ಈಗ ನಂತರದ ಕಾಲದ ಇತಿಹಾಸಕಾರ ಡಯೊಡೊರಸ್ ಹೇಳುವ ಕನಸನ್ನು ಓದಿ. ಅರ್ಗಿನುಸೇ ಯುದ್ಧದ ಹಿಂದಿನ ರಾತ್ರಿ ಅಂದಿನ ಸರದಿಯ ಸೇನಾಪತಿ ಒಂದು ಕನಸು ಕಂಡನು. ಅವನೂ ಇನ್ನೂ ಆರು ಸೇನಾಪತಿಗಳೂ ಅಥೆನ್ಸಿನ ತುಂಬಿದ ರಂಗದಲ್ಲಿ ಯೂರಿಪಿಡಿಸನ ಒಂದು ನಾಟಕ ಆಡುತ್ತಿದ್ದಾರೆ, ಥೀಬ್ಸಿನ ಅಣ್ಣತಮ್ಮಂದಿರು ಪರಸ್ಪರ ಕೊಂದುಕೊಳ್ಳುವ ನಾಟಕ. ಎದುರಾಳಿಗಳು ಸ್ಪರ್ಧೆಗೆ ಇಳಿಸಿರುವುದು ಹೆಣಗಳಿಗಾಗಿ ಬೇಡುವ ತಾಯಂದಿರ ನಾಟಕವನ್ನು. ಸೇನಾಪತಿಗಳಿಗೆ ಗೆಲುವೇನೋ ಆಗುತ್ತದೆ, ಆದರೆ ಥೀಬ್ಸಿಗೆ ದಂಡೆತ್ತಿ ಹೋದವರಂತೆ ಅವರೆಲ್ಲರೂ ಸಾಯುತ್ತಾರೆ. ಕನಸು ನಿಜವಾಗಿ ಬಿದ್ದಿತೇ ಎಂಬುದು ಮುಖ್ಯವಲ್ಲ. ಈ ಘಟನೆಯನ್ನು ನೆನಪಿಟ್ಟವರು ಅದನ್ನು ಹೂಳದ ಹೆಣಗಳ ಪುರಾಣದ ಮೂಲಕವೇ ಅರ್ಥಮಾಡಿಕೊಂಡರು ಎಂಬುದು ಮುಖ್ಯ. ಡಯೊಡೊರಸನ ಪ್ರಕಾರ ಅಥೆನ್ಸಿನ ಸಿಟ್ಟೆಲ್ಲ ಹೆಣಗಳನ್ನು ಎತ್ತದಿದ್ದುದಕ್ಕೇ. ಝೆನೊಫನ್ನಿಗೆ ಅದು ಜೀವಂತವಾಗಿ ನೀರಿನಲ್ಲಿದ್ದವರ ಪ್ರಶ್ನೆ. ಹಾಯಿಪಟ ಅವರು ಕಾರ್ಯವಿಧಾನವನ್ನೇ ದೊಡ್ಡದು ಮಾಡುವಾಗ, ಸಭೆಯಲ್ಲಿ ಕೂತಿದ್ದ ತಂದೆಯೊಬ್ಬನ ಕಣ್ಣಿಗೆ ಇದು ದೇವರ ಕಟ್ಟಳೆಯ ಉಲ್ಲಂಘನೆಯಾಗಿ ಕಂಡಿತ್ತೆಂಬುದನ್ನು ಮರೆಯಬಾರದು.

ಡಯೊಮಿಡಾನನ ಕೊನೆಯ ಮಾತನ್ನೂ ಡಯೊಡೊರಸನೇ ಉಳಿಸಿದ್ದಾನೆ. ಕೊಲೆಗೆ ಒಯ್ಯುವ ಮುನ್ನ ಅವನು ಜನರಿಗೆ ಹೇಳಿದ್ದಿಷ್ಟೆ: ಗೆಲುವಿಗಾಗಿ ನಾವು ಕಾಪಾಡುವ ಝೂಸ್‌ಗೆ, ಅಪೊಲೊಗೆ ಮತ್ತು ಪೂಜ್ಯ ದೇವಿಯರಿಗೆ ಹರಕೆ ಹೊತ್ತಿದ್ದೆವು, ಅದನ್ನು ತೀರಿಸಲು ನಮಗಾಗದು, ನೀವು ತೀರಿಸಿ. ಪೂಜ್ಯ ದೇವಿಯರೆಂದರೆ ರಕ್ತದ ಸೇಡು ತೀರಿಸುವ ದೇವತೆಗಳೇ.

ಸಂಶಯಿ:

ಎಲ್ಲರೂ ಝೆನೊಫನ್ನನನ್ನು ನ್ಯಾಯಾಲಯದ ನಡಾವಳಿಯಂತೆ ಓದುತ್ತಿದ್ದೀರಿ. ಅವನು ಯಾರೆಂಬುದನ್ನು ನೆನಪಿಸಬೇಕಾಗಿದೆ: ಅಥೆನ್ಸಿನ ಸಿರಿವಂತ ಕುದುರೆಸವಾರ ವರ್ಗದವನು, ಸಾಕ್ರಟೀಸನ ಶಿಷ್ಯ, ಮುಂದೆ ದೇಶಭ್ರಷ್ಟನಾಗಿ ಸ್ಪಾರ್ಟಾದವರು ಕೊಟ್ಟ ಜಮೀನಿನಲ್ಲಿ ಬಾಳಿದವನು. ಜನಾಡಳಿತದ ಮೇಲೆ ಅವನಿಗೆ ಒಲವಿರಲಿಲ್ಲ. ಯೂರಿಪ್ಟೊಲೆಮಸನ ಆ ಸುಂದರ ಭಾಷಣವನ್ನು ಬರೆದದ್ದೂ ಅವನೇ. ಅಂದು ಆಡಿದ ಮಾತುಗಳು ಅವೇ ಎನ್ನಲು ಆಧಾರವಿಲ್ಲ.

ಮುಖ್ಯವಾಗಿ ಎರಡು ಕಡೆ ಅವನ ಮಾತನ್ನು ಅನುಮಾನಿಸುತ್ತೇನೆ. ಒಂದು, ಕಪ್ಪು ಬಟ್ಟೆ ಉಟ್ಟವರು ಥೆರಾಮೆನಿಸನ ಕಡೆಯವರು ಏರ್ಪಾಡು ಮಾಡಿ ತಂದ ಹುಸಿ ಬಂಧುಗಳೆಂಬುದು. ಸಾವಿರಾರು ಜನ ಸತ್ತ ಊರಿನಲ್ಲಿ ಶೋಕದ ಬಟ್ಟೆ ಉಟ್ಟವರನ್ನು ಬಾಡಿಗೆಗೆ ತರುವ ಅಗತ್ಯವೇನಿತ್ತು? ಡಯೊಡೊರಸ್ ಸುಮ್ಮನೆ ಸತ್ತವರ ಬಂಧುಗಳು ಬಂದರೆಂದು ಬರೆಯುತ್ತಾನೆ, ಅದೇ ಸಹಜ. ಎರಡು, ಮೊದಲು ಬೆರಳು ತೋರಿಸಿದವರು ಯಾರೆಂಬುದು. ಝೆನೊಫನ್ನನಲ್ಲಿ ಸೇನಾಪತಿಗಳು ಸಜ್ಜನರು. ಪತ್ರದಲ್ಲಿ ಬಿರುಗಾಳಿಯನ್ನು ಮಾತ್ರ ಹೇಳಿ, ಥೆರಾಮೆನಿಸನ ಹೆಸರೆತ್ತದೆ ಬಿಟ್ಟರು. ಡಯೊಡೊರಸನಲ್ಲಿ ಅವರು ಹೊಣೆಯನ್ನು ಥೆರಾಮೆನಿಸನ ಮೇಲೆ ಹೊರಿಸಿ ಪತ್ರ ಬರೆದರು, ಅವನು ತಿರುಗಿಬಿದ್ದನು. ಎರಡು ವರ್ಷಗಳ ನಂತರ, ಸೋತ ಅಥೆನ್ಸಿನ ಮೇಲೆ ಸ್ಪಾರ್ಟಾದ ಬೆಂಬಲದಿಂದ ಬಂದ ಮೂವತ್ತು ಮಂದಿಯ ದಬ್ಬಾಳಿಕೆಯ ಕಾಲದಲ್ಲಿ, ಅವರ ಮುಂದಾಳು ಕ್ರಿಟಿಯಾಸ್ ಇದೇ ಸಂಗತಿಯನ್ನೆತ್ತಿ ಥೆರಾಮೆನಿಸನನ್ನು ಚುಚ್ಚಿದಾಗ ಅವನು ಕೊಟ್ಟ ಉತ್ತರ, "ಆರೋಪ ಮೊದಲು ಮಾಡಿದವರು ಅವರು" ಎಂದು. ಇದನ್ನು ವರದಿ ಮಾಡಿದವನೂ ಝೆನೊಫನ್ನನೇ! ಎರಡೂ ಕಾಲಿಗೆ ಹೊಂದುವ ಪಾದರಕ್ಷೆಯೆಂದು ಹೆಸರಾದ ಥೆರಾಮೆನಿಸನ ಪರವಾಗಿ ವಾದಿಸುವುದು ನನಗೆ ಇಷ್ಟದ ಕೆಲಸವಲ್ಲ, ಆದರೆ ಈ ವಿಷಯದಲ್ಲಿ ಅವನು ತನ್ನ ತಲೆ ಉಳಿಸಿಕೊಂಡನೆಂಬುದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ.

ಇನ್ನು ಸಂಖ್ಯೆಗಳು. ಪ್ಲೇಟೊ ಬರೆದ ಸಾಕ್ರಟೀಸನ ಪ್ರತಿವಾದದಲ್ಲಿ "ಹತ್ತು ಸೇನಾಪತಿಗಳು" ಎಂದಿದೆ. ಅರಿಸ್ಟಾಟಲ್‌ನ ಹೆಸರಿನಲ್ಲಿರುವ ಅಥೆನ್ಸಿನ ಸಂವಿಧಾನದ ಗ್ರಂಥವೂ ಹತ್ತೆನ್ನುತ್ತದೆ, ಯುದ್ಧದಲ್ಲೇ ಇರದಿದ್ದವರನ್ನೂ ಸೇರಿಸುತ್ತದೆ. ಬಂದರಿನಲ್ಲಿ ಸಿಕ್ಕಿಬಿದ್ದಿದ್ದ ಕೊನಾನನು ಹತ್ತರಲ್ಲಿ ಒಬ್ಬನಾಗಿದ್ದು, ಅವನನ್ನು ಯಾರೂ ವಿಚಾರಣೆಗೆ ಎಳೆಯಲಿಲ್ಲವೆಂಬುದು ಖಚಿತವಿರುವಾಗ ಈ ಹತ್ತು ಎಂಬುದು ವಾಕ್ಚಾತುರ್ಯವೇ ಹೊರತು ಲೆಕ್ಕವಲ್ಲ. ಜನಾಡಳಿತದ ಟೀಕಾಕಾರರ ಕೈಯಲ್ಲಿ ಈ ಕತೆ ಒಂದೇ ತಲೆಮಾರಿನಲ್ಲಿ ಎಷ್ಟು ಊದಿಕೊಂಡಿತೆಂಬುದಕ್ಕೆ ಇದು ಸಾಕ್ಷಿ.

ಕೆಳಸಾಲಿನವ:

ಒಂದು ಚಿಕ್ಕ ಸೇರ್ಪಡೆ. ಈ ಯುದ್ಧದಲ್ಲಿ ಹುಟ್ಟು ಹಾಕಿದ ಗುಲಾಮರಿಗೆ ಏನಾಯಿತೆಂಬುದನ್ನು ಇಲ್ಲಿ ಯಾರೂ ಬರೆಯಲಿಲ್ಲ. ಅವರಿಗೆ ಬಿಡುಗಡೆ ಸಿಕ್ಕಿತು. ಅದೂ ಅಲ್ಲದೆ, ಹಿಂದೆ ಊರು ಕಳೆದುಕೊಂಡು ಬಂದ ಪ್ಲಟೀಯಾದ ಮಿತ್ರರಿಗೆ ಕೊಟ್ಟಿದ್ದಂಥ ಪೌರತ್ವವೂ ಸಿಕ್ಕಿತು. ಮರುವರ್ಷ, ಕ್ರಿ.ಪೂ. 405ರಲ್ಲಿ, ಅರಿಸ್ಟೊಫನೀಸ್ ತನ್ನ ಪ್ರಹಸನದಲ್ಲಿ ಇದನ್ನೇ ಎತ್ತಿ, ಒಂದು ನೌಕಾಯುದ್ಧ ಮಾಡಿದವರು ಗುಲಾಮಗಿರಿಯಿಂದ ನೇರವಾಗಿ ಒಡೆಯರಾದರು, ಅದು ಸರಿಯೇ, ಆದರೆ ತಲೆತಲಾಂತರದಿಂದ ಹುಟ್ಟು ಹಾಕಿದ ನಮ್ಮವರ ಒಂದು ತಪ್ಪನ್ನು ಕ್ಷಮಿಸಬಾರದೇ ಎಂದು ಕೇಳಿಸುತ್ತಾನೆ. ಆ ನಾಟಕದ ಆರಂಭದಲ್ಲೇ ಪಾತಾಳದ ಅಂಬಿಗ ಕೇರೊನ್ ಗುಲಾಮನೊಬ್ಬನನ್ನು, ಆ ಯುದ್ಧದಲ್ಲಿ ಹೋರಾಡಿಲ್ಲವೆಂಬ ಕಾರಣಕ್ಕೆ, ದೋಣಿಗೆ ಹತ್ತಿಸಿಕೊಳ್ಳುವುದಿಲ್ಲ.

"ಜನ" ಎಂದರೆ ಯಾರು ಎಂಬ ಪ್ರಶ್ನೆಯಿಲ್ಲದೆ ಈ ಚರ್ಚೆ ಅಪೂರ್ಣ. ಹೆಂಗಸರು, ನೆಲೆಸಿದ ಪರದೇಶಿಯರು, ಗುಲಾಮರು ಸಭೆಯ ಹೊರಗಿದ್ದರು. ಸಭೆಯಲ್ಲಿದ್ದವರಲ್ಲಿ ಬಹಳ ಮಂದಿ ಹುಟ್ಟು ಹಾಕಿ ದಿನಗೂಲಿ ಪಡೆಯುವ ಬಡ ಪೌರರು. ನೀರಿನಲ್ಲಿ ಸತ್ತವರೂ ಅದೇ ವರ್ಗದವರು. ಸೇನಾಪತಿಗಳಾದರೋ ಬಹುಮಟ್ಟಿಗೆ ಸ್ಥಿತಿವಂತ ಮನೆತನದವರು. ಈ ಸಿಟ್ಟಿನಲ್ಲಿ ಅಂತಸ್ತಿನ ಎಳೆ ಇಲ್ಲವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಯಿಪಟ:

ಸಂಶಯಿ ಅವರ ಎಚ್ಚರಿಕೆಯನ್ನು ಒಪ್ಪುತ್ತೇನೆ. ಹುಸಿ ಬಂಧುಗಳ ಕತೆಯನ್ನು ನಾನೂ ನಂಬುವುದಿಲ್ಲ, ಆ ಕಾರಣಕ್ಕೇ ಮೇಲೆ ಅದನ್ನು ಬರೆಯಲಿಲ್ಲ. ಶಾಲ್ಮಲೆ ಅವರ ಬರಹದಿಂದ ನನ್ನ ವಾದ ಬಿಗಿಯಾಗುತ್ತದೆಂದೇ ನನ್ನ ಭಾವನೆ. ದುಃಖ ನಿಜವಾಗಿತ್ತು, ಕಟ್ಟಳೆ ಪವಿತ್ರವಾಗಿತ್ತು. ಅಷ್ಟು ಭಾರದ ಆರೋಪವನ್ನು ಹೊರಬಲ್ಲ ವಿಚಾರಣೆ ಬೇಕಿತ್ತು. ಡಯೊಮಿಡಾನ್ ಎಲ್ಲ ಹಡಗುಗಳನ್ನೂ ರಕ್ಷಣೆಗೆ ಕಳುಹಿಸಿ ಎಂದವನು, ಎರಾಸಿನಿಡಿಸ್ ಒಂದನ್ನೂ ಬೇಡವೆಂದವನು. ಬೇರೆಬೇರೆ ವಿಚಾರಿಸಿದ್ದರೆ ಇಬ್ಬರ ತೀರ್ಪು ಒಂದೇ ಆಗುತ್ತಿತ್ತೇ? ಅಂತಿಗೊನೆಯ ಕಟ್ಟಳೆಯ ಹೆಸರಿನಲ್ಲಿ ನೋಡಿದರೂ ಡಯೊಮಿಡಾನನು ಸಾಯಬೇಕಾದವನಲ್ಲ. ಕಡಲ ಓದುಗರು ಎಂಟು ನಾಯಕರ ಏರ್ಪಾಡನ್ನು ದೂರಿದ್ದಾರೆ. ಆದರೆ ಅದೇ ವಾರಗಳಲ್ಲಿ ಒಬ್ಬನೇ ನಾಯಕನಿದ್ದ ಸ್ಪಾರ್ಟಾದ ಪಕ್ಷ, ಹಿಂದೆಗೆಯೋಣವೆಂದ ಚುಕ್ಕಾಣಿಗಾರನ ಮಾತಿಗೆ "ನಾನು ಸತ್ತರೆ ಸ್ಪಾರ್ಟಾಕ್ಕೆ ಕುಂದಿಲ್ಲ, ಓಡುವುದು ನಾಚಿಕೆಗೇಡು" ಎಂದ ಕಲ್ಲಿಕ್ರಾಟಿಡಾಸನ ಒಂದು ವಾಕ್ಯಕ್ಕೆ 70 ಹಡಗುಗಳನ್ನು ತೆತ್ತಿತು.

ಪರಿಣಾಮ ಬೇಗ ಬಂತು. ಗೆಲ್ಲಬಲ್ಲ ಸೇನಾಪತಿಗಳು ಸತ್ತಿದ್ದರು ಅಥವಾ ಓಡಿಹೋಗಿದ್ದರು. ಕ್ರಿ.ಪೂ. 405ರಲ್ಲಿ ಈಗಸ್‌ಪೊಟಮಿಯ ದಡದಲ್ಲಿ ಸ್ಪಾರ್ಟಾದ ಲೈಸ್ಯಾಂಡರನು, ಹುಟ್ಟುಗಾರರು ಊಟ ಹುಡುಕಿಕೊಂಡು ಚದುರಿದ್ದ ಹೊತ್ತಿನಲ್ಲಿ, ಅಥೆನ್ಸಿನ 180 ಹಡಗುಗಳ ಪೈಕಿ ಹೆಚ್ಚುಕಡಿಮೆ ಎಲ್ಲವನ್ನೂ ಹಿಡಿದನು. ಮರುವರ್ಷ ಊರು ಶರಣಾಯಿತು. ಈ ಸೋಲಿಗೆ ಆ ವಿಚಾರಣೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಪರ್ಷಿಯಾದ ಹಣ ದೊಡ್ಡ ಕಾರಣ. ಆದರೆ ಅಂದು ಪಡೆಯ ಮೇಲಿದ್ದವರಲ್ಲಿ ಕೊನಾನನನ್ನು ಬಿಟ್ಟರೆ ಎಚ್ಚರವಾಗಿದ್ದವರು ಕಾಣುವುದಿಲ್ಲ.

ಕಾನೂನು ಕಟ್ಟೆ:

ವಿವರವಾದ ಉತ್ತರಕ್ಕೆ ಧನ್ಯವಾದಗಳು, ಸರ್. ಒಂದು ಕೊನೆಯ ಪ್ರಶ್ನೆ: ಮತ್ತೆ ಹೀಗಾಗದಂತೆ ಅವರೇನಾದರೂ ಮಾಡಿದರೇ? ಕಲ್ಲಿಕ್ಸೆನಸನನ್ನು ಯಾರಾದರೂ ಕೇಳಿದರೇ?

ಹಾಯಿಪಟ:

ಎರಡಕ್ಕೂ ಉತ್ತರ ಹೌದು. ಸ್ವಲ್ಪ ಕಾಲದಲ್ಲೇ ಜನ ಪಶ್ಚಾತ್ತಾಪಪಟ್ಟು, ತಮಗೆ ಮೋಸ ಮಾಡಿದವರ ಮೇಲೆ ದೂರು ದಾಖಲಿಸಲು ನಿರ್ಣಯ ಮಾಡಿದರು. ಕಲ್ಲಿಕ್ಸೆನಸನೂ ಇನ್ನು ನಾಲ್ವರೂ ಸೆರೆಯಾದರು. ವಿಚಾರಣೆಗೆ ಮುಂಚೆ ಊರಿನಲ್ಲಿ ಗಲಭೆಯೆದ್ದಾಗ ತಪ್ಪಿಸಿಕೊಂಡರು. ಇಲ್ಲಿಯೂ "ನಮಗೆ ಮೋಸವಾಯಿತು" ಎಂದರೇ ಹೊರತು "ನಾವು ತಪ್ಪಿದೆವು" ಎನ್ನಲಿಲ್ಲವೆಂಬುದನ್ನು ಗಮನಿಸಬಹುದು.

ಹೆಚ್ಚು ತೂಕದ ಉತ್ತರ ಕ್ರಿ.ಪೂ. 403ರದು. ಮೂವತ್ತು ಮಂದಿಯ ಆಳ್ವಿಕೆ ಉರುಳಿ ಜನಾಡಳಿತ ಮರಳಿದ ಮೇಲೆ ಅಥೆನ್ಸ್ ತನ್ನ ಕಾನೂನುಗಳನ್ನು ಪರಿಷ್ಕರಿಸಿತು. ಬರಹದಲ್ಲಿಲ್ಲದ ಕಾನೂನನ್ನು ಅಧಿಕಾರಿಗಳು ಬಳಸಕೂಡದು. ಮಂಡಳಿಯ ಅಥವಾ ಸಭೆಯ ಯಾವ ನಿರ್ಣಯವೂ ಕಾನೂನಿಗಿಂತ ಮೇಲಲ್ಲ. ಎಲ್ಲ ಪೌರರಿಗೂ ಅನ್ವಯಿಸದ ಕಾನೂನನ್ನು ಒಬ್ಬ ವ್ಯಕ್ತಿಯ ಮೇಲೆ ಮಾಡಬೇಕಾದರೆ 6000 ಮಂದಿ ಗುಪ್ತವಾಗಿ ಮತ ಹಾಕಿ ಒಪ್ಪಬೇಕು. ಸಾರ್ವಭೌಮ ಸಭೆ ತನ್ನನ್ನೇ ಕಟ್ಟಿಕೊಳ್ಳಬಹುದೇ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಇದು. ಕಾನೂನು ಮಾಡುವ ಕೆಲಸವನ್ನೂ ಸಭೆಯಿಂದ ಬೇರ್ಪಡಿಸಿ, ಅದಕ್ಕಾಗಿಯೇ ನೇಮಿಸಿದ ಪ್ರಮಾಣಬದ್ಧ ತಂಡಗಳಿಗೆ ವಹಿಸಿದರು.

ಅದೇ ವರ್ಷದ ಕ್ಷಮಾದಾನದಲ್ಲಿ ಕಲ್ಲಿಕ್ಸೆನಸನೂ ಊರಿಗೆ ಮರಳಿದನು. ಯಾರೂ ಅವನ ಮೇಲೆ ಕೈಮಾಡಲಿಲ್ಲ, ಯಾರೂ ಹತ್ತಿರ ಸೇರಿಸಲೂ ಇಲ್ಲ. ಎಲ್ಲರ ದ್ವೇಷಕ್ಕೆ ಗುರಿಯಾಗಿ ಹಸಿವಿನಿಂದ ಸತ್ತನೆಂದು ಝೆನೊಫನ್ ಬರೆಯುತ್ತಾನೆ. ಈ ಕಡೆಯ ಮಾತನ್ನು ಎಷ್ಟು ನಂಬಬೇಕೆಂಬುದನ್ನು ಸಂಶಯಿ ಅವರಿಗೇ ಬಿಡುತ್ತೇನೆ.